ದಣಿದವರು, ನೋವುಳ್ಳವರು

ಮಾರ್ಚ್ ೩, ಸೋಮವಾರ

ದಿನಚರಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಇವತ್ತು ಮತ್ತೆ ಶುರು ಮಾಡಿದ್ದೇಕೆಂದರೆ ಬೈಯುವುದಕ್ಕೆ ಒಂದು ಜಾಗ ಬೇಕು. ಆಫೀಸಿನಲ್ಲಿ ಬೈದರೆ ಮೇಲಿನವರ ಕಿವಿಗೆ ಹೋಗುತ್ತದೆ, ಮನೆಯಲ್ಲಿ ಬೈದರೆ ಅಕ್ಕನಿಗೆ ತಾಗುತ್ತದೆ. ಕಾಗದ ಪಾಪದ್ದು, ಬೈಸಿಕೊಳ್ಳುತ್ತದೆ.

ನಮ್ಮ ಸಾಫ್ಟ್‌ವೇರಿಗೆ ಇವತ್ತು ಹೊಸ ಕಿಟಕಿ ಬಂತು. ಪರದೆಯ ಬಲಗಡೆ ಒಂದು ಚಾಟ್ ಸಹಾಯಕ. ಇನ್ನು ಮೇಲೆ ಮರದ ಕೊಂಬೆ ಎಳೆಯುವುದು, ಎಲೆ ಅಂಟಿಸುವುದು ಎಲ್ಲವನ್ನೂ ಅದಕ್ಕೆ ಹೇಳಿ ಮಾಡಿಸಬಹುದಂತೆ. ಮರ ಎಂದರೆ ನಮ್ಮ ಆಂಟಾಲಜಿ. ಆಸ್ಪತ್ರೆಗೆ ಬಂದವರು ತಮ್ಮ ಸಂಕಟವನ್ನು ಯಾವ ಯಾವ ಮಾತಿನಲ್ಲಿ ಹೇಳುತ್ತಾರೋ ಆ ಮಾತುಗಳನ್ನೆಲ್ಲ ಒಂದು ವಂಶವೃಕ್ಷಕ್ಕೆ ಕಟ್ಟುವುದು ನನ್ನ ಕೆಲಸ. ಉರಿ, ಇರಿತ, ಸೆಳೆತ, ಸಿಡಿತ, ಜೋಮು, ಚಳಕು. ಯಾವುದು ಯಾವುದರ ಬಗೆ, ಯಾವುದಕ್ಕೆ ಯಾವುದರ ನಂಟಿಲ್ಲ ಎಂದು ಬರೆದಿಡಬೇಕು. ನಾಳೆ ಬಾಗಿಲ ಬಳಿಯ ಗುಮಾಸ್ತೆ ರೋಗಿಯ ಮಾತನ್ನು ಟೈಪ್ ಮಾಡಿದಾಗ ಕಂಪ್ಯೂಟರು ಈ ಮರ ನೋಡಿ ಅವರನ್ನು ಮೊದಲ ಸಾಲಿಗೋ ಎರಡನೇ ಸಾಲಿಗೋ ಕಳಿಸುತ್ತದೆ. ಮೊದಲ ಸಾಲಿನವರನ್ನು ಡಾಕ್ಟರು ಕೂಡಲೇ ನೋಡಬೇಕು. ಎರಡನೆಯವರು ಕಾಯಬೇಕು. ಏಪ್ರಿಲ್ ಒಂದಕ್ಕೆ ಪ್ರಯೋಗ ಶುರು.

ನಿಘಂಟಿನ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದವಳಿಗೆ ಇದೇನು ಹೊಸದಲ್ಲ. ಈ ಸಹಾಯಕ ಮಾತ್ರ ಹೊಸದು. ಬಂದ ಮೊದಲ ದಿನವೇ ‘ಹೊಟ್ಟೆಕಿಚ್ಚು’ ಎಂಬುದನ್ನು ಜಠರದ ತೊಂದರೆಗಳ ಕೆಳಗೆ ಸೇರಿಸಿತು. ನಾನು ತಿದ್ದಿದೆ. ‘ಒಳ್ಳೆಯ ಗಮನಿಕೆ! ಕ್ಷಮಿಸಿ’ ಎಂದಿತು. ಕೇಳದೆ ಇದ್ದರೂ ಇಣುಕಿ ಮಾತಾಡುವುದರಿಂದ ಅದಕ್ಕೆ ‘ಪಕ್ಕದಮನೆ’ ಎಂದು ಹೆಸರಿಟ್ಟಿದ್ದೇನೆ.

ಸಂಜೆ ಮೂರನೇ ಮಹಡಿಯ ನಮ್ಮ ಮನೆಗೆ ಹತ್ತುವಷ್ಟರಲ್ಲಿ ಸಾಕುಸಾಕಾಯಿತು. ಲಿಫ್ಟಿನ ಬಾಗಿಲಿಗೆ ಅಂಟಿಸಿದ ‘ದುರಸ್ತಿಯಲ್ಲಿದೆ’ ಚೀಟಿಯೇ ಹಳೆಯದಾಗಿ ಹರಿದುಹೋಗಿದೆ.

ಮಾರ್ಚ್ ೫, ಬುಧವಾರ

ಅಕ್ಕನ ಮಂಡಿ. ಅಕ್ಕನ ಸೊಂಟ. ಅಕ್ಕನ ಹೆಬ್ಬೆರಳು. ಮನೆಗೆ ಕಾಲಿಟ್ಟ ಕೂಡಲೇ ಇವರೆಲ್ಲ ಸಾಲಾಗಿ ನಿಂತು ಸ್ವಾಗತ ಮಾಡುತ್ತಾರೆ.

ಮೂವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿದವಳು, ಮಂಡಿ ನೋಯದೆ ಇನ್ನೇನು? ನನಗೆ ಗೊತ್ತು. ಆದರೂ ಆಸ್ಪತ್ರೆಯಲ್ಲಿ ದಿನವಿಡೀ ನೋವನ್ನೇ ಆರಿಸಿ, ಕೇರಿ ಬಂದವಳಿಗೆ ಮನೆಯಲ್ಲೂ ಅದೇ ಎಂದರೆ ಗಾಯದ ಮೇಲೆ ಬರೆ.

“ಇವತ್ತು ಹೇಗಿದೆ ಗೊತ್ತಾ? ಒಳಗೆ ಯಾರೋ ಕೂತು ದಾರ ಜಗ್ಗಿದ ಹಾಗೆ” ಅಂದಳು.

“ಸೆಳೆತ” ಅಂದೆ.

“ಸೆಳೆತ ಅಲ್ಲ ಕಣೇ. ಸೆಳೆತ ಬಂದು ಹೋಗತ್ತೆ. ಇದು ಜಗ್ಗಿ ಹಿಡ್ಕೊಂಡೇ ಇರತ್ತೆ.”

ಹೌದಲ್ಲ ಅನ್ನಿಸಿತು. ಕೂಡಲೇ ಚೀಟಿಯಲ್ಲಿ ಬರೆದುಕೊಂಡೆ. ನಾಳೆ ‘ಸೆಳೆತ’ದ ಪಕ್ಕದಲ್ಲಿ ‘ಜಗ್ಗು’ ಎಂದು ಬೇರೆ ಎಲೆ ಹಾಕಬೇಕು. ಅಕ್ಕನಿಗೆ ಸಂತೋಷವಾಯಿತು. “ನನ್ನ ಮಂಡಿ ಆಸ್ಪತ್ರೆಗೆ ಹೋಗದೇ ಇದ್ರೂ ಅದರ ಮಾತಾದ್ರೂ ಹೋಯ್ತಲ್ಲ” ಅಂದಳು.

ಹಾಗೆ ನೋಡಿದರೆ ಆ ಮರದ ಅರ್ಧ ಎಲೆ ಅಕ್ಕನದೇ. ನನ್ನದು ಒಂದು ಎಲೆಯೂ ಇಲ್ಲ. ನನಗೇನಾಗಿದೆ? ಸುಸ್ತು, ಅಷ್ಟೇ. ತಾಳಿದವನು ಬಾಳಿಯಾನು.

ಮಾರ್ಚ್ ೧೦, ಸೋಮವಾರ

ಸಾಫ್ಟ್‌ವೇರಿನಲ್ಲಿ ಏನು ಬದಲಿಸಿದರೂ ‘ಬದಲಾವಣೆಗೆ ಕಾರಣ ಬರೆಯಿರಿ’ ಎಂದು ಒಂದು ಚೌಕ ತೆರೆಯುತ್ತದೆ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಹೀಗೆ ನಾನು ದಿನಕ್ಕೆ ಎಷ್ಟು ಕಾರಣ ಕೊಡುತ್ತೇನೋ. ಗಂಡನಿಗೂ ಇಷ್ಟು ಕಾರಣ ಕೊಟ್ಟಿರಲಿಲ್ಲ, ಅವನು ಇದ್ದಷ್ಟು ದಿನ.

ಪ್ರೋಗ್ರಾಮರ್ ಹುಡುಗ ಏನು ಹೇಳಿದರೂ “ಆಯ್ತು ಮೇಡಂ” ಅನ್ನುತ್ತಾನೆ. ಪಕ್ಕದಮನೆ ಏನು ಹೇಳಿದರೂ ‘ಖಂಡಿತ’ ಅನ್ನುತ್ತದೆ. ಇಬ್ಬರ ನಡುವೆ ಕೂತು ಜಗಳಕ್ಕೆ ಜನವಿಲ್ಲದೆ ನಾನೇ ದಣಿಯುತ್ತೇನೆ.

ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಬಿಡಲು ಹೊಸ್ತಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ಏಳಲು ಮನಸ್ಸು ಬರಲಿಲ್ಲ. ಎಡ ದವಡೆ ಬೇರೆ ಹಿಂಡುತ್ತಿದೆ, ಹುಳುಕು ಹಲ್ಲು ಇರಬೇಕು. ಪ್ರಯೋಗ ಮುಗಿಯಲಿ, ತೋರಿಸಬೇಕು.

“ಏನೇ, ಅಲ್ಲೇ ಕೂತೆ?” ಅಂದಳು ಅಕ್ಕ.

“ಸುಸ್ತು.”

ಅವಳೇ ಬಗ್ಗಿ ನನ್ನ ಚಪ್ಪಲಿ ಎತ್ತಿಟ್ಟಳು. ಇವತ್ತು ಮಂಡಿಯ ಸುದ್ದಿ ಬರಲಿಲ್ಲ. ದೇವರು ದೊಡ್ಡವನು.

ಮಾರ್ಚ್ ೧೪, ಶುಕ್ರವಾರ

ದೊಡ್ಡ ಡಾಕ್ಟರು ಬಂದಿದ್ದರು. ಈ ಯೋಜನೆಯೆಲ್ಲ ಅವರದೇ. ನಡೆಯುತ್ತಲೇ ಮಾತಾಡುತ್ತಾರೆ, ನಾವು ಹಿಂದೆ ಓಡುತ್ತಲೇ ಕೇಳಬೇಕು.

“ಏನಮ್ಮ ಇದು, ನಿಮ್ಮ ಟೆಸ್ಟಲ್ಲಿ ಸುಸ್ತು ಅಂದೋರೆಲ್ಲ ಮೊದಲ ಸಾಲಿಗೆ ಬರ್ತಿದ್ದಾರೆ! ಹೀಗಾದ್ರೆ ಎದೆನೋವಿನವರು ಎಲ್ಲಿ ನಿಲ್ಲಬೇಕು?”

“ಸುಸ್ತಿಗೆ ಹಿಂದೆ ಏನಾದ್ರೂ ಇರಬಹುದು ಅಂತ...”

“ಸುಸ್ತು ಯಾರಿಗಿಲ್ಲ? ನನಗಿಲ್ವಾ? ನಿಮಗಿಲ್ವಾ?”

“ಇದೆ” ಅಂದೆ.

“ಮತ್ತೆ? ನಾವೇನು ಹೋಗಿ ಸಾಲಲ್ಲಿ ನಿಂತಿದೀವಾ? ಸುಸ್ತು ಬೇರೆ, ನೋವು ಬೇರೆ. ಬೇರೆ ಮಾಡಿ.”

ಮಾತು ಸರಿಯೇ. ಸುಸ್ತು ನೋವಲ್ಲ. ಸೀಟಿಗೆ ಬಂದು ಪಕ್ಕದಮನೆಗೆ ಹೇಳಿದೆ: ದಣಿವನ್ನೂ ನೋವನ್ನೂ ಬೇರೆ ಮಾಡು, ಒಂದರಲ್ಲಿರುವುದು ಇನ್ನೊಂದರಲ್ಲಿ ಇರಕೂಡದು. ಅದು ಕೇಳಿತು: ‘ಈ ನಿಯಮವನ್ನು “ದಣಿವು”, “ನೋವು” ಎಂಬ ದೂರುಗಳ ನಡುವೆ ಹಾಕಲೇ? ಅಥವಾ “ದಣಿದವರು”, “ನೋವುಳ್ಳವರು” ಎಂಬ ಜನರ ನಡುವೆ ಹಾಕಲೇ? ಇವೆರಡರ ಪರಿಣಾಮ ಬೇರೆಬೇರೆ.’

ಆ ಹೊತ್ತಿಗೆ ಬೆನ್ನಿನಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ, ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಿತ್ತು. ಕುರ್ಚಿ ಸರಿಯಿಲ್ಲ. ‘ಸಾಲಿನಲ್ಲಿ ನಿಲ್ಲುವವರು ಜನ ತಾನೆ, ಜನರ ನಡುವೆಯೇ ಹಾಕು’ ಎಂದು ಬರೆದೆ. ‘ಖಂಡಿತ. ಆದರೆ ಗಮನಿಸಿ’ ಎಂದು ಉದ್ದಕ್ಕೆ ಏನೋ ಶುರು ಮಾಡಿತು. ಪಕ್ಕದಮನೆಯವರ ಮಾತೆಲ್ಲ ಕೇಳುತ್ತಾ ಕೂತರೆ ನಮ್ಮನೆ ಒಲೆ ಉರಿದಂತೆಯೇ. ಒಪ್ಪಿಗೆಯ ಗುಂಡಿ ಒತ್ತಿದೆ. ಕಾರಣದ ಚೌಕದಲ್ಲಿ ‘ದೊಡ್ಡ ಡಾಕ್ಟರು ಹೇಳಿದರು’ ಎಂದು ಬರೆದೆ.

ಪರೀಕ್ಷೆ ಓಡಿಸಿದೆವು. ನಾನೇ ಕಟ್ಟಿದ ಮಾದರಿ ರೋಗಿಗಳೆಲ್ಲ ಶಿಸ್ತಾಗಿ ತಮ್ಮ ತಮ್ಮ ಸಾಲಿಗೆ ಹೋದರು. ಸುಸ್ತಿನವರು ಒಂದು ಕಡೆ, ಎದೆನೋವು ಹೊಟ್ಟೆನೋವಿನವರು ಇನ್ನೊಂದು ಕಡೆ. “ಸೂಪರ್ ಮೇಡಂ” ಅಂದ ನಮ್ಮ ಆಯ್ತುಮೇಡಂ ಹುಡುಗ. ಅವನ ಬಾಯಲ್ಲಿ ಬೇರೆ ಮಾತು ಕೇಳಿದ್ದು ಇದೇ ಮೊದಲು.

ಮಾರ್ಚ್ ೧೯, ಬುಧವಾರ

ತರಕಾರಿ ತರುವುದನ್ನು ಮರೆತು ಮನೆಗೆ ಬಂದೆ. ನೋಡಿದರೆ ಬುಟ್ಟಿ ತುಂಬಿದೆ. ಕೆಳಗಿನ ಮನೆಯವರು ತಂದುಕೊಟ್ಟಿರಬೇಕು. ಒಳ್ಳೆಯ ಜನ.

ಅಕ್ಕ ದೂರುವುದು ಬಹಳ ಕಡಿಮೆಯಾಗಿದೆ. ಹೊಸ ಮುಲಾಮು ಹಿಡಿಸಿದೆ ಅಂತ ಕಾಣುತ್ತದೆ.

ಮಾರ್ಚ್ ೨೦, ಗುರುವಾರ

‘ಜೋಮು’ ಮತ್ತು ‘ಮರಗಟ್ಟುವುದು’ ಒಂದೇ ಎಂದು ಪಕ್ಕದಮನೆ ವಾದಿಸಿತು. ಜೋಮು ಹಿಡಿದ ಕಾಲು ಇನ್ನೂ ಬದುಕಿದೆ, ಒಳಗೆ ಇರುವೆ ಹರಿಯುತ್ತಿರುತ್ತದೆ. ಮರಗಟ್ಟಿದ್ದಕ್ಕೆ ಅದೂ ಗೊತ್ತಾಗುವುದಿಲ್ಲ ಎಂದು ವಿವರಿಸಿದೆ. ಈ ಉದಾಹರಣೆ ಅಕ್ಕನದು. ‘ತುಂಬಾ ಸುಂದರವಾದ ವಿವರಣೆ!’ ಎಂದಿತು. ಹೊಗಳಿಸಿಕೊಂಡು ಕೂಡ ಸುಸ್ತಾಗುತ್ತದೆ ಎಂದು ಇವತ್ತೇ ಗೊತ್ತಾದದ್ದು.

ಊಟದ ಹೊತ್ತಿಗೆ ಹಸಿವಿರಲಿಲ್ಲ. ಮೇಜಿಗೆ ತಲೆಯಿಟ್ಟುಕೊಂಡೆ. ಫ್ಯಾನು ತಿರುಗುತ್ತಿದ್ದರೂ ಬೆವರು. ಆಯ್ತುಮೇಡಂ ನೀರು ತಂದುಕೊಟ್ಟು, “ಮೇಡಂ, ಕೆಳಗೆ ಹೋಗಿ ಒಂದ್ಸಲ ತೋರಿಸ್ಬಾರ್ದಾ?” ಅಂದ. ಡಾಕ್ಟರುಗಳ ಕಟ್ಟಡದಲ್ಲೇ ಕೂತಿರುತ್ತೇವೆ, ತೋರಿಸುವುದಕ್ಕೆ ಹೋಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ. ಒಂದನೇ ತಾರೀಖು ಕಳೆಯಲಿ.

ಮಾರ್ಚ್ ೨೫, ಮಂಗಳವಾರ

ಸುಸ್ತು. ತಾರಸಿಯ ಮೇಲೆ ಒಣಗಿಸಿದ ಬಟ್ಟೆ ತರಬೇಕೆಂದುಕೊಂಡು ಮಲಗಿಬಿಟ್ಟೆ. ಎದ್ದಾಗ ಮಡಿಸಿ ಇಟ್ಟಿತ್ತು. ನಾನೇ ತಂದಿರಬೇಕು, ನೆನಪಿಲ್ಲ.

ಮಾರ್ಚ್ ೨೮, ಶುಕ್ರವಾರ

ಅಕ್ಕನ ಮೇಲೆ ರೇಗಿದೆ. ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಂತಿದ್ದೆ. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. “ಏನು ಹಾಗೆ ನೋಡ್ತೀಯ, ಎಮ್ಮೆ ನೋಡ್ದಂಗೆ?” ಅಂದೆ.

“ಎಮ್ಮೆ ಬೆನ್ನು ಉಜ್ತಾ ಇದ್ರೆ ನೋಡ್ದೆ ಇರಕ್ಕಾಗತ್ತಾ?” ಅಂದಳು.

ನಗಬೇಕಿತ್ತು. ನಗು ಬರಲಿಲ್ಲ. “ಸೋಮವಾರ ಡಾಕ್ಟರಿಗೆ ತೋರಿಸು” ಅಂದಳು. ಮಂಗಳವಾರ ಪ್ರಯೋಗ, ಸೋಮವಾರ ಯಾರು ಬಿಡುತ್ತಾರೆ? “ನಿನಗೆ ಎಲ್ಲರಿಗೂ ಕಾಯಿಲೆ ಇರಬೇಕು ಅಂತ ಆಸೆ” ಅಂದುಬಿಟ್ಟೆ. ಅವಳು ಎದ್ದು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಏಪ್ರಿಲ್ ೩, ಗುರುವಾರ. ವಾರ್ಡು

ಕೂತು ಬರೆಯಬಹುದು ಎಂದು ಇವತ್ತು ಹೇಳಿದ್ದಾರೆ. ಭಾನುವಾರದ್ದನ್ನು ಬರೆದಿಡುತ್ತೇನೆ, ಇಲ್ಲದಿದ್ದರೆ ಅಕ್ಕ ಹೇಳಿದ್ದೇ ಚರಿತ್ರೆಯಾಗಿಬಿಡುತ್ತದೆ.

ಭಾನುವಾರ ಬೆಳಿಗ್ಗೆ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೊನೆಯ ಸಲ ಎಲ್ಲ ನೋಡುತ್ತಿದ್ದೆ. ಅಕ್ಕ ಚಹಾ ತಂದಿಟ್ಟು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಶುಕ್ರವಾರದಿಂದ ಮಾತು ಬಿಟ್ಟಿದ್ದವಳು.

“ನಿನ್ನ ಪಕ್ಕದಮನೆಗೆ ನಾನೂ ಒಬ್ಬ ರೋಗೀನ ಕೊಡ್ಲಾ? ಟೆಸ್ಟಿಗೆ?”

ರಾಜಿಗೆ ಬಂದಿದ್ದಾಳೆ ಅಂದುಕೊಂಡೆ. “ಕೊಡು” ಅಂದೆ.

“ಬರ್ಕೋ. ಹೆಂಗಸು. ಐವತ್ತು ದಾಟಿದೆ. ಮೆಟ್ಟಿಲು ಹತ್ತಿ ಬಂದೋಳು ಚಪ್ಪಲಿ ಬಿಡಕ್ಕೆ ಅಂತ ಕೂತ್ಕೋತಾಳೆ. ಚಪ್ಪಲಿ ಬಿಟ್ಟ ಮೇಲೂ ಕೂತೇ ಇರ್ತಾಳೆ.”

“ಅಕ್ಕ, ಕಥೆ ಬೇಡ. ದೂರು ಹೇಳು. ದಣಿವು ಅಂತ ಹಾಕ್ತೀನಿ.”

“ಹಾಕು. ಎಡ ದವಡೆ ಒತ್ಕೊಳ್ತಾ ಇರ್ತಾಳೆ. ಹಲ್ಲು ಅಂತಾಳೆ, ಹಲ್ಲಿನ ಡಾಕ್ಟರ ಹತ್ರ ಮಾತ್ರ ಹೋಗಲ್ಲ.”

“ದವಡೆ ನೋವು. ಹಿಂಡುವ ಬಗೆ. ಆಮೇಲೆ?”

“ಬೆನ್ನು. ರೆಕ್ಕೆಮೂಳೆಗಳ ಮಧ್ಯೆ. ಒತ್ತಿದ ಹಾಗೆ. ತಣ್ಣಗಿರೋವಾಗ್ಲೂ ಬೆವರ್ತಾಳೆ.”

ನಾನು ಟೈಪ್ ಮಾಡುತ್ತಾ ಹೋದೆ. ಈ ಕೈಗಳು ಎಷ್ಟು ಪಳಗಿವೆಯೆಂದರೆ ಕಿವಿಗೆ ಬಿದ್ದದ್ದು ತಲೆಯನ್ನು ದಾಟದೆ ನೇರ ಬೆರಳಿಗೆ ಹೋಗುತ್ತದೆ. “ಯಾರಿದು, ಕೆಳಗಿನ ಮನೆಯವರಾ?” ಎಂದು ಕೇಳಿದ್ದೂ ಉಂಟು. “ಮೊದಲು ಟೆಸ್ಟ್ ಮಾಡು” ಅಂದಳು ಅಕ್ಕ. ಪರೀಕ್ಷೆಯ ಗುಂಡಿ ಒತ್ತಿದೆ.

ಪರದೆ ಕೆಂಪಾಯಿತು. ಒಂದು ತಿಂಗಳಿನಲ್ಲಿ ಇಷ್ಟು ಕೆಂಪಾದದ್ದು ಇಲ್ಲ. ಪಕ್ಕದಮನೆ ವಿನಯದಿಂದ ವಿವರಿಸಿತು: ‘ಈ ವ್ಯಕ್ತಿ ದಣಿದವರಲ್ಲೂ ನೋವುಳ್ಳವರಲ್ಲೂ ಇದ್ದಾರೆ. ಮಾರ್ಚ್ ೧೪ರಂದು ನೀವು ಹಾಕಿದ ನಿಯಮದ ಪ್ರಕಾರ ಇಂಥ ವ್ಯಕ್ತಿ ಇರಲು ಸಾಧ್ಯವಿಲ್ಲ. ದಾಖಲೆಯನ್ನು ಬದಿಗಿಡಲೇ?’

“ಏನಂತೆ?” ಅಂದಳು ಅಕ್ಕ.

“ಇಂಥವರು ಇರಕ್ಕೆ ಸಾಧ್ಯ ಇಲ್ವಂತೆ.”

ನಗುತ್ತಾಳೆ ಅಂದುಕೊಂಡೆ. ಅವಳು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. “ಸಾಧ್ಯ ಇಲ್ವಾ? ಅವಳ ಜೊತೆ ದಿನಾ ಊಟಕ್ಕೆ ಕೂರ್ತಿದೀನಲ್ಲೇ ನಾನು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ, ಹಾಗಾಯ್ತು ನಿನ್ನ ಕಥೆ.”

ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆಗಲೂ ನನಗೆ ಮೊದಲು ಕಂಡದ್ದು ನಿಯಮದ ತಪ್ಪು, ನಾನಲ್ಲ. ಸುಸ್ತು ನೋವಲ್ಲ ಎಂಬುದು ನಿಜ. ಆದರೆ ಸುಸ್ತಾದವಳಿಗೆ ನೋವಿರಕೂಡದು ಎಂದು ನಾನು ಬರೆದುಬಿಟ್ಟಿದ್ದೆ. ದೂರುಗಳ ನಡುವೆ ಎಳೆಯಬೇಕಾದ ಗೆರೆಯನ್ನು ಜನರ ನಡುವೆ ಎಳೆದಿದ್ದೆ. ಪಕ್ಕದಮನೆ ಕೇಳಿತ್ತು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಮಾದರಿ ರೋಗಿಗಳಲ್ಲಿ ಒಬ್ಬರಿಗೂ ಎರಡು ಸಂಕಟ ಇರಲಿಲ್ಲ, ಅದಕ್ಕೇ ಯಾರೂ ಸಿಕ್ಕಿಬೀಳಲಿಲ್ಲ. ಮಂಗಳವಾರ ನಿಜವಾದವರು ಬಂದಿದ್ದರೆ, ಸುಸ್ತೂ ಇದೆ ಎದೆಯೂ ಹಿಡಿದಿದೆ ಎಂದು ಹೇಳಿದವರನ್ನೆಲ್ಲ ಈ ಕಂಪ್ಯೂಟರು ತಪ್ಪು ದಾಖಲೆ ಎಂದು ಬದಿಗಿಡುತ್ತಿತ್ತು.

ನಿಯಮವನ್ನು ಜನರ ಮೇಲಿಂದ ತೆಗೆದು ದೂರುಗಳ ನಡುವೆ ಹಾಕಿಸಿದೆ. ‘ಖಂಡಿತ’ ಎಂದಿತು. ಮತ್ತೆ ಗುಂಡಿ ಒತ್ತಿದೆ. ಹೆಸರಿಲ್ಲದ ಆ ಹೆಂಗಸು ಮೊದಲ ಸಾಲಿನ ತುತ್ತತುದಿಗೆ ಹೋಗಿ ನಿಂತಳು. ದವಡೆ, ಬೆನ್ನು, ಬೆವರು, ದಣಿವು: ಹೃದಯ. ನೋಡುತ್ತಾ ಕೂತೆ. ಆಗ ಹೆದರಿಕೆಯಾಯಿತು.

“ಅಕ್ಕ.”

“ಏಳು.”

“ಮಂಗಳವಾರ ಪ್ರಯೋಗ...”

“ಏಳ್ತೀಯೋ, ಕೆಳಗಿನವರನ್ನ ಕೂಗಿ ಎತ್ತಿಸ್ಲೋ?”

ಬದಲಾವಣೆಯನ್ನು ಉಳಿಸಲು ಕಾರಣದ ಚೌಕ ತೆರೆದು ನಿಂತಿತ್ತು. ಅದರಲ್ಲಿ ‘ಇಂಥವಳೊಬ್ಬಳು ಇದ್ದಾಳೆ’ ಎಂದು ಬರೆದು ಮುಚ್ಚಿದೆ.

ಮೆಟ್ಟಿಲಲ್ಲಿ ಅಕ್ಕ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಇಳಿದಳು. ನಾನು ಬಿದ್ದರೆ ಹಿಡಿಯುವುದಕ್ಕಂತೆ. ಆ ಮಂಡಿ ಇಟ್ಟುಕೊಂಡು ಹಿಡಿಯುವವಳು ಇವಳು! ಆದರೂ ಮೆಟ್ಟಿಲ ಕಂಬಿಗಿಂತ ಅವಳೇ ಗಟ್ಟಿ ಅನ್ನಿಸಿತು.

ಆಸ್ಪತ್ರೆಯಲ್ಲಿ ನೋಡಿದರೆ ಹೃದಯದ ಒಂದು ರಕ್ತನಾಳ ಪೂರ್ತಿ, ಇನ್ನೊಂದು ಅರ್ಧ ಮುಚ್ಚಿಕೊಂಡಿತ್ತಂತೆ. ಆ ರಾತ್ರಿಯನ್ನು ದಾಟುತ್ತಿರಲಿಲ್ಲ ಎಂದು ಯಾರೋ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು.

ದೊಡ್ಡ ಡಾಕ್ಟರು ನಿನ್ನೆ ಬಂದು, ನಡೆಯದೆ, ಮಂಚದ ಪಕ್ಕ ನಿಂತರು. “ಒಂದು ಮಾತು ಸುಸ್ತು ಅಂದಿದ್ರೆ ನಾನೇ ನೋಡ್ತಿದ್ನಲ್ಲಮ್ಮ.”

“ಅಂದಿದ್ದೆ” ಅಂದೆ.

ಅವರಿಗೆ ನೆನಪಾದ ಹಾಗಿತ್ತು. ನನ್ನ ನಾಡಿ ಹಿಡಿದು ನೋಡಿದರು. ಅದನ್ನು ನರ್ಸು ಆಗತಾನೆ ನೋಡಿ ಹೋಗಿದ್ದಳು.

ಏಪ್ರಿಲ್ ೫, ಶನಿವಾರ. ವಾರ್ಡು

ಪ್ರಯೋಗ ನಡೆಯುತ್ತಿದೆಯಂತೆ. ಬಂದವರಲ್ಲಿ ಸುಸ್ತೂ ನೋವೂ ಎರಡೂ ಇರುವವರೇ ಹೆಚ್ಚು ಎಂದು ಆಯ್ತುಮೇಡಂ ಫೋನು ಮಾಡಿದ್ದ. ಪಕ್ಕದಮನೆ ಹೇಗಿದೆ ಎಂದು ಕೇಳಿದೆ. “ನಿಮ್ಮನ್ನ ಕೇಳ್ತಾ ಇತ್ತು ಮೇಡಂ” ಅಂದ. ಸುಳ್ಳು. ಆದರೂ ಖುಷಿಯಾಯಿತು.

ಬೆಳಿಗ್ಗೆ ನರ್ಸು ಬಂದು “ನೋವಿದೆಯಾ?” ಎಂದು ಕೇಳಿದಳು.

“ಸ್ವಲ್ಪ ಸುಸ್ತು” ಅಂದೆ.

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಕ್ಕ, “ಸರಿಯಾಗಿ ಹೇಳೇ” ಅಂದಳು.

“ನೋಯ್ತಿದೆ” ಅಂದೆ. “ಇಲ್ಲಿ. ಇಲ್ಲೂ.”

ನರ್ಸು ಮಾತ್ರೆ ಕೊಟ್ಟು ತಿರುಗಿದವಳು ಅಕ್ಕನ ಕಾಲು ನೋಡಿ ನಿಂತಳು. ಎರಡು ಮಂಡಿಯೂ ಊದಿ ಹೊಳೆಯುತ್ತಿದ್ದವು. “ಅಜ್ಜಿ, ಇದೇನಿದು? ಯಾವಾಗಿಂದ?”

“ಹೋದ ತಿಂಗಳಿಂದ. ಮೆಟ್ಟಿಲು ಜಾಸ್ತಿ ಆಯ್ತು. ತರಕಾರಿಗೆ ಇಳೀಬೇಕು, ಬಟ್ಟೆಗೆ ತಾರಸಿ ಹತ್ಬೇಕು. ಇವಳ ಕೈಲಿ ಆಗ್ತಿರಲಿಲ್ಲ.”

ಆ ಬುಟ್ಟಿ, ಆ ಮಡಿಸಿಟ್ಟ ಬಟ್ಟೆ. ಮುಲಾಮು ಹಿಡಿಸಿದೆ ಎಂದು ನಾನು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಹಿಂದಕ್ಕೆ ಮಗುಚಿ ಓದಿದೆ. ಅಕ್ಷರ ಕಾಣದ ಹಾಗೆ ಕಣ್ಣು ತುಂಬಿತು.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬರ್ಕೋತಿದ್ದೆ” ಅಂದಳು ಅಕ್ಕ. ಕೋಪದಿಂದಲ್ಲ, ಸುಮ್ಮನೆ. “ನೋಡ್ತಾ ಇರಲಿಲ್ಲ.”

ನಾನು ಪುಸ್ತಕ ಬದಿಗಿಟ್ಟು ಗೋಡೆಯ ಕಡೆ ಸರಿದೆ. ಅವಳ ಕಾಲು ಎರಡನ್ನೂ ಎತ್ತಿ ನನ್ನ ಮಂಚದ ಮೇಲೆ ಇಡಿಸಿ, ದಿಂಬನ್ನು ಅಡಿಗೆ ಕೊಟ್ಟೆ. “ಅಯ್ಯೋ ಮೆಲ್ಲಗೆ, ಜಗ್ಗತ್ತೆ” ಅಂದಳು. ಎಷ್ಟು ದಿನವಾಗಿತ್ತು ಆ ದೂರು ಕೇಳಿ! ಇನ್ನೊಂದು ಸಲ ಹೇಳಲಿ ಅನ್ನಿಸಿತು, ಹೇಳಿದಳು ಕೂಡ.

ಮಧ್ಯಾಹ್ನ ಬಂದ ಬೇರೆ ನರ್ಸು ಬಾಗಿಲಲ್ಲೇ ಗದರಿದಳು. “ಒಂದು ಬೆಡ್ಡಿಗೆ ಒಬ್ಬರೇ! ಇಬ್ಬರಲ್ಲಿ ಪೇಷಂಟ್ ಯಾರು, ನೋಡ್ಕೊಳ್ಳೋರು ಯಾರು?”

ಅಕ್ಕ ಕಾಲು ತೆಗೆಯಲು ಹೋದಳು. ನಾನು ಬಿಡದೆ ಹಿಡಿದುಕೊಂಡೆ.

“ಇಬ್ಬರೂ ಎರಡೂ” ಅಂದೆ.